ಸಣ್ಣಕಪ್ಪಣ್ಣ
ತಂಡದ ಎರಡನೇ ಗೋಲ್‌ಕೀಪರ್‌ಗೆ ಜೊತೆಯ ಆಟಗಾರರು ಇಟ್ಟ ಹೆಸರು ಸಣ್ಣಕಪ್ಪಣ್ಣ. ದೊಡ್ಡ ಪಂದ್ಯಗಳಿಗೆ ಹೆಸರು ಮಾಡಿದ ಮೊದಲನೆಯವನು ಇದ್ದೇ ಇದ್ದಾನೆ. ಯಾರೂ ಕ್ಯಾರೇ ಅನ್ನದ ಸಣ್ಣ ಕಪ್ ಬಂದಾಗ ಕೋಚು, "ಪಾಪ, ಅವನು ಸ್ವಲ್ಪ ರೆಸ್ಟ್ ತಗೊಳ್ಳಲಿ" ಅಂದರೆ ಸಾಕು, ಇವನನ್ನು ಹಿಡಿಯುವವರೇ ಇಲ್ಲ. ವರ್ಷವಿಡೀ ಬೆಂಚು ಕಾಯ್ದ ಮನುಷ್ಯ. ಇವನು ಎದ್ದುಹೋದರೆ ಬೆಂಚಿಗೇ ಬೇಜಾರಾಗುತ್ತದಂತೆ. ಗ್ಯಾಲರಿಯಲ್ಲಿ ಇರುವುದು ಇವನ ಹೆಂಡತಿ ಮತ್ತು ನಾಲ್ಕು ಕಾಗೆ. ಆದರೂ ಊರಿಗೆ ಊರೇ ನೋಡುತ್ತಿದೆ ಎಂಬಂತೆ ಹಾರುತ್ತಾನೆ, ಬೀಳುತ್ತಾನೆ, ಗಂಟಲು ಹರಿಯುವಂತೆ ಕೂಗುತ್ತಾನೆ, ನಡುನಡುವೆ ಗೋಲುಕಂಬವನ್ನು ಸಾಕಿದ ಎಮ್ಮೆಯ ಹಾಗೆ ತಟ್ಟಿ ಸಮಾಧಾನ ಮಾಡುತ್ತಾನೆ. ಮನೆಗೆ ಬಂದ ಅಂಗಿಯ ಮಣ್ಣು ಬಿಡಿಸಲು ಹೆಂಡತಿಗೆ ಮೂರು ಬಕೆಟ್ ನೀರು ಬೇಕು. ಆದರೆ ತಂಡ ಫೈನಲ್ ತಲುಪಿತೋ, ಸಣ್ಣ ಕಪ್ಪೂ ದೊಡ್ಡದಾಗಿಬಿಡುತ್ತದೆ. ರೆಸ್ಟ್ ಮುಗಿಸಿದವನು ಬಂದು ನಿಲ್ಲುತ್ತಾನೆ. ಹೀಗೆ ಗೆದ್ದೂ ಗೆದ್ದೂ ತನ್ನ ಜಾಗ ತಾನೇ ಕಳೆದುಕೊಳ್ಳುವ ಪ್ರಾಣಿ ಇವನೊಬ್ಬನೇ. ಈ ಸಲ ಸೆಮಿಫೈನಲ್‌ನ ಕೊನೆಯ ಪೆನಾಲ್ಟಿಯನ್ನು ತಡೆದು, ಮೊಣಕೈ ತರಚಿಕೊಂಡು ಮನೆಗೆ ಬಂದಾಗ ಹೆಂಡತಿಗೆ ತಡೆಯಲಾಗಲಿಲ್ಲ. "ಯಾರೋ ಆಡೋ ಫೈನಲ್‌ಗೆ ನೀವ್ಯಾಕ್ರೀ ಹೀಗೆ ಬಿದ್ದು ಸಾಯ್ತೀರಾ?" ಇವನು ಕೈಗಳನ್ನು ತಿರುಗಿಸಿ ನೋಡಿಕೊಂಡ. "ಎದುರಿಗೆ ಬರೋ ಚೆಂಡು ಸಣ್ಣ ಕಪ್ಪಿಂದೋ ದೊಡ್ಡ ಕಪ್ಪಿಂದೋ, ಕೈಗೆ ಗೊತ್ತಾಗಲ್ಲ ಕಣೇ." ಫೈನಲ್ ಮುಗಿಸಿ ಬಂದ ದಿನ ಇವನ ಅಂಗಿಯಲ್ಲಿ ಹುಡುಕಿದರೂ ಒಂದೂ ಕಲೆಯಿರಲಿಲ್ಲ. ಅವಳು ಅದನ್ನೂ ಮೂರು ಬಕೆಟ್ ನೀರಿನಲ್ಲಿ ಒಗೆದಳು.