ಹುಳ ಬಿದ್ದ ಹುರಳಿ ಬೇಡ

ಹಂಪಾಪುರದ ಲಿಂಗಯ್ಯನಿಗೆ ಟಿಬಿ ಬಂದಾಗ ಆಸ್ಪತ್ರೆಯವರು ಮಾತ್ರೆ ಪುಕ್ಕಟೆ ಕೊಟ್ಟರು, ಜೊತೆಗೆ ಕಾಳು, ಮೊಟ್ಟೆ, ಸೊಪ್ಪು ಚೆನ್ನಾಗಿ ತಿನ್ನಿಸಿ ಅಂದರು. ಕೂಲಿಯವನು ಮಲಗಿದ ಮೇಲೆ ಮನೆಯಲ್ಲಿ ಉಳಿದಿದ್ದು ರೇಷನ್ ಅಕ್ಕಿ ಮಾತ್ರ. ಬರೀ ಅನ್ನದ ಮೇಲೆ ಮಾತ್ರೆ ನುಂಗಿದರೆ ವಾಂತಿ. ಮೂರನೇ ತಿಂಗಳಿಗೆ ಮಾತ್ರೆ ಬಿಟ್ಟ, ದೀಪಾವಳಿ ಹೊತ್ತಿಗೆ ತೀರಿಕೊಂಡ. ಅವನನ್ನು ಕೊಂದಿದ್ದು ರೋಗವಲ್ಲ, ಹಸಿವು ಎಂದು ಹೆಂಡತಿ ಪುಟ್ಟಸಿದ್ದಮ್ಮ ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತಾಳೆ.

ಮುಂದಿನ ವರ್ಷ ಅವಳು ಆಶಾ ಕಾರ್ಯಕರ್ತೆ ಹೇಮಶ್ರೀಯನ್ನು ಹಿಡಿದಳು. ಮಾತ್ರೆ ತಿನ್ನುತ್ತಿರುವ ಬಡವರಿಗೆ ಮಧ್ಯಾಹ್ನ ಮುದ್ದೆ, ಹುರಳಿಕಾಳಿನ ಉಪ್ಸಾರು ನಾನು ಹಾಕುತ್ತೇನೆ, ಒಪ್ಪಿದವರನ್ನು ಕಳಿಸು ಅಂದಳು. ಹನ್ನೊಂದು ಜನ ಒಪ್ಪಿದರು. ರಾಗಿಯನ್ನು ಕೇರಿಯ ಮನೆಗಳಿಂದ ಎತ್ತಿದಳು. ಹುರಳಿಗೆ ವ್ಯಾಪಾರಿ ವೀರಭದ್ರಸ್ವಾಮಿಯ ಮಂಡಿಗೆ ಹೋದಳು. ಅವನು ಒಂದು ಮೂಟೆ ಧರ್ಮಕ್ಕೇ ಕೊಟ್ಟ.

ಮನೆಯಲ್ಲಿ ಬಿಚ್ಚಿ ಮೊರಕ್ಕೆ ಸುರಿದರೆ ಅರ್ಧಕ್ಕರ್ಧ ತೂತು, ಪುಡಿ, ಹರಿದಾಡುವ ಹುಳ. ಪುಟ್ಟಸಿದ್ದಮ್ಮ ಅದೇ ಮೂಟೆಯನ್ನು ತಲೆ ಮೇಲೆ ಹೊತ್ತು ಮಂಡಿಗೆ ವಾಪಸ್ ಬಂದಳು. ದಾನದ ಹಸುವಿನ ಹಲ್ಲು ಎಣಿಸಬಾರದು ಎಂದು ವೀರಭದ್ರಸ್ವಾಮಿ ನಕ್ಕ.

“ಇದನ್ನ ನಿಮ್ಮ ಮನೇಲಿ ಬೇಯ್ಸಿ ನೀವೊಂದು ತುತ್ತು ತಿನ್ರಿ ಸ್ವಾಮಿ,” ಅಂದಳು. “ಆಮೇಲೆ ನಾನು ಒತ್ಕೊಂಡು ಓಯ್ತೀನಿ.”

ಅವನು ತಿನ್ನಲಿಲ್ಲ, ಅವಳು ಹೊರಲಿಲ್ಲ.

ಊರು ಅವಳ ಸೊಕ್ಕನ್ನು ಆಡಿಕೊಂಡಿತು. ಮೊರದಲ್ಲಿ ಕೇರಿ ಹುಳ ತೆಗೆದು ಬೇಯಿಸಿದ್ದರೆ ಮೂರು ವಾರಕ್ಕಾದರೂ ಆಗುತ್ತಿತ್ತಲ್ಲ ಎಂದು ನಾದಿನಿ ಮರಮ್ಮ ಬೈದಳು. ಅದು ಸುಳ್ಳೂ ಅಲ್ಲ. ಆ ಮೂರು ವಾರ ಹನ್ನೊಂದು ಜನಕ್ಕೂ ಮುದ್ದೆ ಜೊತೆಗೆ ಸಿಕ್ಕಿದ್ದು ನೀರುನೀರು ಸೊಪ್ಪಿನ ಸಾರು. ಬಡಿಸುವಾಗ ಪುಟ್ಟಸಿದ್ದಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆದರೂ ಮಂಡಿ ಕಡೆ ತಿರುಗಲಿಲ್ಲ.

ಪುಷ್ಯ ಮಾಸ ಬಂತು. ಆಳುಗಳೆಲ್ಲ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗಿದ್ದರಿಂದ ನೀಲಾಂಬಿಕೆ ಎಂಬ ರೈತ ಹೆಂಗಸಿನ ಹೊಲದಲ್ಲಿ ಹುರಳಿ ಒಣಗಿ ಸಿಡಿಯುತ್ತಿತ್ತು. ಪುಟ್ಟಸಿದ್ದಮ್ಮ ಮರಮ್ಮನ ಜೊತೆ ಇನ್ನೂ ಮೂವರನ್ನು ಕಟ್ಟಿಕೊಂಡು ಅಲ್ಲಿಗೆ ಹೋದಳು. ದಾನ ಕೇಳಲು ಬಂದಿದ್ದಾರೆಂದು ತಿಳಿದ ನೀಲಾಂಬಿಕೆ, ಒಕ್ಕಣೆ ಆದ ಮೇಲೆ ಎರಡು ಸೇರು ಕೊಡುತ್ತೇನೆ ಅಂದಳು.

“ದಾನ ಬ್ಯಾಡ ಕಣ್ರವ್ವ. ಕೂಲಿಗೆ ಬಂದಿವಿ,” ಅಂದಳು ಪುಟ್ಟಸಿದ್ದಮ್ಮ. “ಕೂಲೀನ ಕಾಳಲ್ಲೇ ಕೊಡಿ. ವ್ಯಾಪಾರಿ ಕೈ ಆಕೋ ಮುಂಚೆ, ರಾಶಿ ಮೇಲಿಂದ.”

ನೀಲಾಂಬಿಕೆ ಆಗಲಿ ಅಂದಳು.

ಬಿಸಿಲೇರಿದರೆ ಕಾಯಿ ಸಿಡಿಯುತ್ತದೆಂದು ಐದೂ ಜನ ಇಬ್ಬನಿ ಆರುವ ಮುಂಚೆಯೇ ಗಿಡ ಕಿತ್ತರು. ಒಂಬತ್ತು ದಿನ ಬೆಳಗ್ಗೆ ಕಿತ್ತು, ಒಕ್ಕಿ, ತೂರಿ, ಕೂಲಿಗೆ ಬಂದ ಗಟ್ಟಿಕಾಳು ಹೊತ್ತು ತಂದರು. ಪುಟ್ಟಸಿದ್ದಮ್ಮ ಅವತ್ತೇ ನೆನೆಹಾಕಿ ಮೊಳಕೆ ಕಟ್ಟಿದಳು.

ಹನ್ನೊಂದರಲ್ಲಿ ಒಬ್ಬ ಶುಂಠಿ ಕೆಲಸಕ್ಕೆಂದು ಕೇರಳಕ್ಕೆ ಹೋದವನು ತಿರುಗಿ ಬರಲಿಲ್ಲ. ಒಬ್ಬ ಮುದುಕ ಉಳಿಯಲಿಲ್ಲ. ಒಂಬತ್ತು ಜನ ಮಾತ್ರೆ ಮುಗಿಸಿ ಎದ್ದರು. ಈ ವರ್ಷ ನಾಲ್ಕು ಹೊಲದವರು ಹುರಳಿ ಕೀಳಲು ಬನ್ನಿ ಎಂದು ತಾವೇ ಹೇಳಿ ಕಳಿಸಿದ್ದಾರೆ. ಎದ್ದ ಒಂಬತ್ತರಲ್ಲಿ ಚಿಕ್ಕಬೀರಮ್ಮ ಒಬ್ಬಳು. ಈಗ ಪುಟ್ಟಸಿದ್ದಮ್ಮನ ಪಕ್ಕದ ಸಾಲು ಹಿಡಿದು ಅವಳಿಗಿಂತ ಮುಂದೆ ಕೀಳುತ್ತಾಳೆ.