ಎದುರು ಮನೆಯವರ ಕರಿ ಮಿಠಾಯಿ

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಶಾಲೆಯ ಗೆಳತಿ ಕೊಟ್ಟಳೆಂದು ಒಂದು ಪೊಟ್ಟಣ ಬಿಚ್ಚಿ, "ಅಜ್ಜಿ, ಸ್ಮೆಲ್ ದಿಸ್" ಎಂದು ನನ್ನ ಮೂಗಿಗೆ ಹಿಡಿದಳು. ಜೇಷ್ಠಮಧುವಿನ ಸಿಹಿ, ಅದರ ಹಿಂದೆಯೇ ಪಾತ್ರೆಗೆ ಕಲಾಯಿ ಹಾಕುವಾಗ ಏಳುವ ನವಸಾಗರದ ಘಾಟು. ನಾನು ಪೊಟ್ಟಣವನ್ನು ದೂರ ತಳ್ಳಿದೆ. ನೀವೆಲ್ಲ ನಕ್ಕಿರಿ. ಯಾಕೆಂದು ಬಾಯಲ್ಲಿ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

ಮದುವೆಯಾಗಿ ಕುವೈತಿಗೆ ಬಂದ ಹೊಸತು. ನಿಮ್ಮ ಅಜ್ಜ ಶುಐಬಾದ ಕಾರ್ಖಾನೆಯಲ್ಲಿ ಎಂಜಿನಿಯರ್. ನನಗೆ ಕನ್ನಡ ಬಿಟ್ಟು ಬೇರೆ ಭಾಷೆಯಿಲ್ಲ. ಕರೆಗಂಟೆ ಕೇಳಿದರೂ ಎದೆ ಹಾರುತ್ತಿತ್ತು. ಎದುರು ಮನೆಯಲ್ಲಿ ಹಾಲೆಂಡಿನ ಒಬ್ಬ ಹೆಂಗಸಿದ್ದರು. ಒಂದು ಸಂಜೆ ಡಬ್ಬಿ ತುಂಬ ಕರಿ ಮಿಠಾಯಿ ಹಿಡಿದು ಬಂದರು. ಅವರೂರಲ್ಲಿ ಅದು ನಮ್ಮ ಎಲೆಯಡಿಕೆಯ ಹಾಗೆ, ಮನೆಯಲ್ಲಿ ಖಾಲಿಯಾಗಬಾರದಂತೆ ಎಂದು ಅಜ್ಜ ತಿಳಿಸಿ ಹೇಳಿದರು. ಬಾಯಿಗಿಟ್ಟರೆ ಬರೀ ಉಪ್ಪು. ಸೆರಗಿಗೆ ಉಗುಳಿಬಿಟ್ಟೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊರಗಿನವರಿಗೆ ಮೊದಲು ಉಪ್ಪಿನದನ್ನೇ ಕೊಟ್ಟು ಮುಖ ನೋಡುವುದು ಅವರ ಕಡೆಯ ತಮಾಷೆಯಂತೆ.

ಅಜ್ಜ ಆಗ ಸಿಗರೇಟು ಬಿಡಲು ಒದ್ದಾಡುತ್ತಿದ್ದರು. ಆ ಮಿಠಾಯಿ ಅವರಿಗೆ ಹಿಡಿಸಿತು. ಆಕೆ ಊರಿಗೆ ಹೋಗಿಬಂದಾಗಲೆಲ್ಲ ಅವರಿಗೆಂದೇ ಪೊಟ್ಟಣಗಳನ್ನು ತರುತ್ತಿದ್ದರು.

"ಸಿಗರೇಟಿಗಿಂತ ವಾಸಿ ಅಲ್ವೇನೆ," ಎನ್ನುತ್ತಾ ಅಜ್ಜ ದಿನವಿಡೀ ಚಪ್ಪರಿಸುತ್ತಿದ್ದರು. ಜೇಷ್ಠಮಧುವಿನಿಂದಲೇ ಮಾಡಿದ್ದೆಂದು ತಿಳಿದು ನನಗೂ ನೆಮ್ಮದಿ. ನಮ್ಮ ಹಳ್ಳಿಯಲ್ಲಿ ಕೆಮ್ಮುವ ಮಕ್ಕಳಿಗೂ ಆ ಬೇರನ್ನು ತೇದು ನೆಕ್ಕಿಸುತ್ತಿದ್ದರಲ್ಲ...

ಒಂದು ಬೆಳಿಗ್ಗೆ ಅಜ್ಜನಿಗೆ ಮಂಚದಿಂದ ಕಾಲು ಇಳಿಸಲಾಗಲಿಲ್ಲ. "ಕಾಲು ನಂದಲ್ಲ ಅನ್ನಿಸ್ತಿದೆ ಕಣೆ," ಎಂದರು. ನಾನು ಬರಿಗಾಲಲ್ಲಿ ಓಡಿ ಎದುರಿನ ಬಾಗಿಲು ಬಡಿದೆ. ಆಕೆಯೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ರಕ್ತದೊತ್ತಡ ಏರಿತ್ತು, ಎದೆಬಡಿತ ತಾಳ ತಪ್ಪಿತ್ತು, ಕಾರಣ ಮಾತ್ರ ವೈದ್ಯರಿಗೆ ಹೊಳೆಯಲಿಲ್ಲ. ಮಂಗಳೂರಿನ ಒಬ್ಬ ನರ್ಸ್ ನನ್ನ ಮಾತನ್ನು ಅವರಿಗೆ ತಲುಪಿಸುತ್ತಿದ್ದಳು. ಏನಾದರೂ ಮದ್ದು ತಿನ್ನುತ್ತಾರೆಯೇ ಎಂದಾಗ ಇಲ್ಲವೆಂದೆ. ಜೇಷ್ಠಮಧುವನ್ನು ಯಾರು ಮದ್ದೆಂದು ಲೆಕ್ಕಕ್ಕಿಡುತ್ತಾರೆ? ಅಜ್ಜನ ಇಕಾಮಾ, ಅಂದರೆ ವಾಸದ ಪರವಾನಗಿಯ ಮೇಲೆಯೇ ನಾನು ಈ ದೇಶದಲ್ಲಿದ್ದೆ. ಅವರು ಹೋದರೆ ಯಾರನ್ನು ಕೇಳಲಿ, ಅವರನ್ನು ಊರಿಗೆ ಹೇಗೆ... ಅಲ್ಲಿಗೆ ಯೋಚನೆ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ಅಜ್ಜನ ಅಂಗಿ ಬಿಚ್ಚುವಾಗ ಜೇಬಿನಿಂದ ಮಿಠಾಯಿಯ ಖಾಲಿ ಪೊಟ್ಟಣ ಬಿತ್ತು. ಎದುರು ಮನೆಯವರ ಮುಖ ಬಿಳಿಚಿಕೊಂಡಿತು. ಅದನ್ನೆತ್ತಿಕೊಂಡು ನೇರವಾಗಿ ವೈದ್ಯರ ಬಳಿ ಹೋದರು.

ನರ್ಸ್ ನನ್ನ ಕಿವಿಯಲ್ಲಿ ಹೇಳಿದಳು: "ಅಕ್ಕ, ಇದು ಜಾಸ್ತಿ ತಿಂದ್ರೆ ಹೀಗಾಗ್ತದೆ, ತಮ್ಮೂರಲ್ಲಿ ಎಲ್ಲರಿಗೂ ಗೊತ್ತುಂಟು, ತಾನೇ ಕೊಟ್ಟದ್ದು ಅಂತ ಆ ಮೇಡಂ ಡಾಕ್ಟರಿಗೆ ಹೇಳ್ತಾ ಇದ್ದಾರೆ. ತನ್ನ ಮೇಲೆ ಪೊಲೀಸ್ ಕೇಸ್ ಆದ್ರೂ ಆಗ್ಲಿ, ಬೇಗ ನೋಡಿ ಅಂತಿದ್ದಾರೆ."

ಎದುರು ಮನೆಯವರು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

ರಕ್ತದಲ್ಲಿ ಯಾವುದೋ ಲವಣ ಇಳಿದುಹೋಗಿತ್ತಂತೆ, ಅದನ್ನು ತುಂಬಿಸಿದರು. ಅಜ್ಜನ ಕಾಲಿಗೆ ನಿಧಾನವಾಗಿ ಬಲ ಬಂತು. ಕೇಸೂ ಆಗಲಿಲ್ಲ. ಆದರೆ ಆಕೆ ಮತ್ತೆ ನಮ್ಮ ಹೊಸ್ತಿಲು ದಾಟಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ತಲೆ ತಗ್ಗಿಸುತ್ತಿದ್ದರು. ಒಬ್ಬಟ್ಟು ಮಾಡಿ ಕೊಟ್ಟುಬಂದೆ. ತಟ್ಟೆ ಹಿಡಿದುಕೊಂಡು ಅತ್ತರು. ನೀವು ನಿಜ ಹೇಳಿದ್ದಕ್ಕೇ ಇವರು ಉಳಿದರು ಎಂಬ ಮಾತು ನನಗೆ ಯಾವ ಭಾಷೆಯಲ್ಲೂ ಬರಲಿಲ್ಲ. ಅವರ ಗಂಡನ ಕೆಲಸ ಮುಗಿಯಿತು, ಹೊರಟುಹೋದರು.

ಅಜ್ಜ ಈಗಿಲ್ಲ. ಆಕೆ ಇದ್ದಾರೋ ಇಲ್ಲವೋ... ತನ್ನಿಂದ ಒಬ್ಬರ ಜೀವ ಹೋಗುತ್ತಿತ್ತು ಎಂಬ ಭಯವನ್ನಷ್ಟೇ ಅವರು ಹೊತ್ತುಕೊಂಡು ಹೋದರು. ಆಮೇಲೆ ನಿಮ್ಮ ಅಮ್ಮ ಹುಟ್ಟಿದಳು, ನೀವು ಹುಟ್ಟಿದಿರಿ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ.