ಪಕ್ಕದ ಸೀಟಿನ ದೂರು

ಮಲೇಷ್ಯಾದ ಮೆಲಾಕಾ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಉಡುಪಿಯ ಸುಬ್ರಾಯರಿಗೆ ಹಳೇ ಕಾರು ಮಾರಿದ ಮೇಲೆ, ಪುತ್ರಜಯಾದಲ್ಲಿರುವ ನನಗೆ ನೆಮ್ಮದಿಯ ಭಾನುವಾರ ಅನ್ನುವುದೇ ಉಳಿಯಲಿಲ್ಲ. ಫೋನೆತ್ತಿದರೆ ನಮಸ್ಕಾರವೂ ಇಲ್ಲ, "ಎಂಥ ಮಾರಾಯ್ರೇ, ಇದೆಂಥ ಕಾರು ದಾಟಿಸಿದ್ದು ನಂಗೆ!" ಏಸಿ ಕೆಮ್ಮುತ್ತದಂತೆ, ವೈಪರ್ ಅಳುತ್ತದಂತೆ, ಹಾರ್ನಿಗೆ ಮರ್ಯಾದೆಯೇ ಇಲ್ಲವಂತೆ. ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟ ಹಾಗೆ ಬಾನೆಟ್ಟಿಗೆ ಕಿವಿ ಇಡುವರು. ಮೆಕ್ಯಾನಿಕ್ ಅಲ್ಲಿಯವರ ಧಾಟಿಯಲ್ಲಿ "ಓಕೆ ಲಾ" ಅಂದರೆ ಅವನ ಜೊತೆಗೂ ಜಗಳ. "ಸರಿ ಸಾರ್, ಕಾರು ವಾಪಸ್ ತಗೋತೀನಿ" ಅಂದರೆ ಮಾತ್ರ ಸ್ವರ ಇಳಿಯುತ್ತಿತ್ತು: "ಅದು ಆಗ್ಲಿಕ್ಕಿಲ್ಲ, ಸುಗಂಧಿಗೆ ಆ ಸೀಟು ಹಿತ ಆಗ್ತದೆ." ಕಾಯಿಲೆಯ ಹೆಂಡತಿ ಸುಗಂಧಿಯನ್ನು ಕೌಲಾಲಂಪುರದ ಆಸ್ಪತ್ರೆಗೆ ಕರೆದೊಯ್ಯಲೆಂದೇ ಆ ಕಾರು ಕೊಂಡಿದ್ದರು. ಆಕೆ ತೀರಿಕೊಂಡ ಮೇಲೆ ಬೇರೆ ದೂರುಗಳೆಲ್ಲ ನಿಂತುಹೋದವು, ಒಂದು ಮಾತ್ರ ಉಳಿಯಿತು: "ಪಕ್ಕದಲ್ಲಿ ಯಾರೂ ಇಲ್ಲದಿದ್ರೂ ಬೆಲ್ಟ್ ಹಾಕಿ ಅಂತ ಕೂಗ್ತದೆ. ಸೆನ್ಸರ್ ಹಾಳಾದದ್ದು ಮುಚ್ಚಿಟ್ಟು ಮಾರಿದ್ದೀರಿ ನೀವು." ಸಿಟ್ಟಿನಲ್ಲೇ ಮೆಲಾಕಾಕ್ಕೆ ಹೋದೆ. ಅವರು ಕಾರು ಸ್ಟಾರ್ಟ್ ಮಾಡಿದರು, ಕೂಗು ಶುರುವಾಯಿತು. ಪಕ್ಕದ ಬಾಗಿಲು ತೆಗೆದೆ. ಆಸ್ಪತ್ರೆಯಿಂದ ತಂದ ಸುಗಂಧಿಯವರ ಬ್ಯಾಗು, ಶಾಲು ಫ್ಲಾಸ್ಕುಗಳ ಸಮೇತ, ಇನ್ನೂ ಆ ಸೀಟಿನ ಮೇಲೇ ಕೂತಿತ್ತು. ಅದರ ಭಾರಕ್ಕೆ ಕಾರು ಕೂಗುತ್ತಿತ್ತು. ಎತ್ತಲು ಕೈ ಚಾಚಿದವನು ಅವರ ಮುಖ ನೋಡಿ ಕೈ ಹಿಂದೆಗೆದೆ. ಬೆಲ್ಟನ್ನೇ ಎಳೆದು ಬ್ಯಾಗಿನ ಸುತ್ತ ಹಾಕಿದೆ. ಸದ್ದು ನಿಂತಿತು. "ಅಷ್ಟು ಬಿಗಿ ಮಾಡ್ಬೇಡಿ ಮಾರಾಯ್ರೇ," ಅಂದರು ಸುಬ್ರಾಯರು, "ಅವಳಿಗೆ ನೋವಾಗ್ತದೆ."